ಅಪ್ಪನ ನೋಟ್‌ಬುಕ್‌ಗಳು: ತಂದೆ ತಾಯಿ ಇಲ್ಲದ ಬಾಲ್ಯದ ಕತೆ ಅಚ್ಚು ಹಾಕಿಸಬೇಕಾ, ಬೇಡವಾ?

ಪಾಂಡವಪುರದ ಮಗಳು
ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ನಿಮ್ಮ ಅಭಿಪ್ರಾಯ ಬೇಕಿತ್ತು. ನಮ್ಮ ಅಪ್ಪನಿಗೆ ಈಗ 74. ರಿಟೈರ್ ಆದ ಮೇಲೆ ತಮ್ಮ ಬಾಲ್ಯದ ಕತೆಯನ್ನು ನೋಟ್‌ಬುಕ್‌ಗಳಲ್ಲಿ ಬರೆಯುತ್ತಾ ಬಂದಿದ್ದಾರೆ. ಮನೆ ಖರ್ಚಿನ ಲೆಕ್ಕ ಬರೀತಿದ್ದಾರೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಈಚೆಗೆ ಎಲ್ಲವನ್ನೂ ನನ್ನ ಕೈಗೆ ಕೊಟ್ಟು, "ಓದವ್ವ. ಆಮೇಲೆ ಒಂದಿನ್ನೂರು ಪ್ರತಿ ಅಚ್ಚು ಹಾಕಿಸು" ಅಂದರು.

ಅಪ್ಪನಿಗೆ ಆರು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ಇರಲಿಲ್ಲ. ತಾಯಿ ಬಾಣಂತಿತನದಲ್ಲಿ ಹೋದರು. ತಂದೆಗೆ ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿತು. ಆಮೇಲೆ ದೊಡ್ಡಪ್ಪನ ಮನೆ, ಆಲೆಮನೆ ಕೆಲಸ, ಕೊನೆಗೆ ಮೈಸೂರಿನ ಒಂದು ಉಚಿತ ಹಾಸ್ಟೆಲ್. ಇಷ್ಟು ನಮಗೆ ಗೊತ್ತಿತ್ತು. ಒಳಗಿನದ್ದು ಗೊತ್ತಿರಲಿಲ್ಲ. ಒಂದು ಕಡೆ ಹೀಗೆ ಬರೆದಿದ್ದಾರೆ:

"ದೊಡ್ಡಮ್ಮ ಮುದ್ದೆ ಕಟ್ಟುವಾಗ ನಾನು ಒಲೆ ಮುಂದೆ ಕೂರುತ್ತಿದ್ದೆ. ದೊಡ್ಡಪ್ಪನಿಗೆ ಒಂದು, ಅಣ್ಣಂದಿರಿಗೆ ಒಂದೊಂದು. ಆಮೇಲೆ ಕೋಲಿಗೆ ಮೆತ್ತಿದ್ದನ್ನು ಬಳಿದು, ಮಡಕೆ ತಳದ ಸೀಕು ಕೆರೆದು, ಎರಡನ್ನೂ ಸೇರಿಸಿ ನನ್ನ ತಟ್ಟೆಗೆ ಹಾಕುತ್ತಿದ್ದಳು. ಸಾರು ಮಾತ್ರ ಎಲ್ಲರಿಗೂ ಒಂದೇ ಸೌಟು. ಅದಕ್ಕೇ ನನಗೆ ಈಗಲೂ ಸಾರು ಅಂದ್ರೆ ಇಷ್ಟ."

ತೊಂದರೆ ಬಂದಿರುವುದು ಇಲ್ಲಿ. ಅಪ್ಪ ಎಲ್ಲರ ಹೆಸರನ್ನೂ ಹಾಗ್ಹಾಗೇ ಬರೆದಿದ್ದಾರೆ. ತಮ್ಮ ತಂದೆಯ ಪಾಲಿನ ಗದ್ದೆ ಹೇಗೆ ಹೋಯಿತು ಅನ್ನುವುದಕ್ಕೆ ಒಂದು ಅಧ್ಯಾಯವೇ ಇದೆ. ದೊಡ್ಡಪ್ಪನ ಮೊಮ್ಮಕ್ಕಳಿಗೆ ಸುದ್ದಿ ಮುಟ್ಟಿ, "ಸತ್ತೋರ ಮೇಲೆ ಕೆಸರು ಎರಚಬೇಡಿ. ಅನ್ನ ಹಾಕಿದ ಮನೆ ಅದು" ಅಂತ ಫೋನ್ ಮಾಡ್ತಿದ್ದಾರೆ. ಅವರೊಂದಿಗೆ ನಮ್ಮ ಸಂಬಂಧ ಚೆನ್ನಾಗಿದೆ, ಹಬ್ಬಕ್ಕೆ ಹೋಗಿ ಬರುತ್ತೇವೆ. ಅಪ್ಪ ಒಂದಕ್ಷರವನ್ನೂ ತೆಗೆಯಲ್ಲ ಅಂತಿದ್ದಾರೆ. ಏನು ಮಾಡಲಿ?

ಕಬ್ಬಿನ ಜಲ್ಲೆ
ಅಚ್ಚು ಹಾಕಿಸಿ ಅಕ್ಕ. ಇದರಲ್ಲಿ ಕೇಳೋದೇನಿದೆ?

ಓದುಗ 57
ಸೀಕು ತಿಂದವರು ಬರೆದಿದ್ದಾರೆ, ಮುದ್ದೆ ತಿಂದವರಿಗೆ ಓದಕ್ಕೆ ಕಷ್ಟ ಆಗ್ತಿದೆ. ಹಾಕಿಸಿ.

ಮದ್ದೂರು ಪ್ಯಾಸೆಂಜರ್
ಅಷ್ಟು ಸಲೀಸಲ್ಲ ಓದುಗರೇ. ಐವತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಹಳ್ಳಿ ಮನೆಗಳಲ್ಲಿ ಯಾರ ತಟ್ಟೆ ತುಂಬ್ತಿತ್ತು? ನಾಲೆ ನೀರು ಸಿಕ್ಕ ಊರು ಬೇರೆ, ಸಿಗದ ಊರು ಬೇರೆ. ಆ ದೊಡ್ಡಮ್ಮನ ತಟ್ಟೆಗೆ ಏನು ಬೀಳ್ತಿತ್ತು ಅಂತ ನೋಟ್‌ಬುಕ್‌ನಲ್ಲಿ ಇದೆಯಾ? ಮುದ್ದೆ ಎಣಿಸಿದ್ದಾರಲ್ಲ, ಅದರಲ್ಲಿ ಆ ಹೆಂಗಸಿನ ಮುದ್ದೆ ಕಾಣಲಿಲ್ಲ ನನಗೆ.

ಪಾಂಡವಪುರದ ಮಗಳು
@ಮದ್ದೂರು ಪ್ಯಾಸೆಂಜರ್ ಇದೆ ಸರ್. ಎರಡು ಪುಟ ಆದ ಮೇಲೆ ಬರುತ್ತೆ. "ದೊಡ್ಡಮ್ಮ ಉಣ್ಣುವುದನ್ನು ನಾನು ನೋಡಿದ ನೆನಪಿಲ್ಲ. ನಾವು ಮಲಗಿದ ಮೇಲೆ ಉಣ್ಣುತ್ತಿದ್ದಳೋ ಏನೋ. ಬೆಳಿಗ್ಗೆ ಮಡಕೆ ತೊಳೆದು ಬೋರಲು ಹಾಕಿರುತ್ತಿತ್ತು" ಅಂತ ಬರೆದಿದ್ದಾರೆ.

ಮದ್ದೂರು ಪ್ಯಾಸೆಂಜರ್
ಹಾಗಾದರೆ ಅಚ್ಚು ಹಾಕಿಸಿ ಮೇಡಂ. ಇಷ್ಟು ನ್ಯಾಯವಾಗಿ ಬರೆಯೋ ಮನುಷ್ಯ ಕೆಸರು ಎರಚಲ್ಲ.

ವಕೀಲರು ಮಂಡ್ಯ
ಕಾನೂನಿನ ಕಡೆಯಿಂದ ಒಂದೆರಡು ಮಾತು.

ಸತ್ತವರ ಬಗ್ಗೆ ಏನು ಬರೆದರೂ ನಡೆಯುತ್ತೆ ಅಂತ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಹಿಂದೆ ಐಪಿಸಿ 499, ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ತೀರಿಕೊಂಡವರ ಬಗ್ಗೆ ಬರೆದದ್ದೂ ಮಾನಹಾನಿ ಆಗಬಹುದು. ಆದರೆ ಅವರು ಬದುಕಿದ್ದರೆ ಹೆಸರು ಕೆಡುವಂಥ ಮಾತು ಅದಾಗಿರಬೇಕು, ಜೊತೆಗೆ ಹತ್ತಿರದ ಸಂಬಂಧಿಕರ ಮನಸ್ಸು ನೋಯಿಸಬೇಕು ಅನ್ನುವ ಉದ್ದೇಶವೂ ಇರಬೇಕು. ನಿಜ ಬರೆದಿದ್ದೇನೆ ಅನ್ನುವುದು ಒಂದೇ ಸಾಲದು. ಆ ನಿಜವನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಬೇಕಿತ್ತು ಅಂತಲೂ ತೋರಿಸಬೇಕಾಗುತ್ತದೆ. ನಿಮ್ಮ ತಂದೆಯವರ ಬರಹದಲ್ಲಿ ಅಂಥ ಉದ್ದೇಶ ಕಾಣುತ್ತಿಲ್ಲ. ಆದರೂ ಗದ್ದೆಯ ಅಧ್ಯಾಯವನ್ನು ಒಮ್ಮೆ ಯಾರಿಗಾದರೂ ತೋರಿಸಿ. "ಮೋಸ ಮಾಡಿದರು" ಅಂತ ಬರೆಯುವುದು ಬೇರೆ. "ನಾನು ಹದಿನೆಂಟು ತುಂಬಿ ಊರಿಗೆ ಹೋದಾಗ ಪಹಣಿಯಲ್ಲಿ ಈ ಹೆಸರಿತ್ತು" ಅಂತ ಬರೆಯುವುದು ಬೇರೆ. ಎರಡನೆಯದಕ್ಕೆ ಕಾಗದ ಸಾಕ್ಷಿ ಇರುತ್ತದೆ.

ಕಬ್ಬಿನ ಜಲ್ಲೆ
ವಕೀಲರೇ, ಆ ಗದ್ದೆ ವಾಪಸ್ ಬರೋ ದಾರಿ ಇದೆಯಾ ಈಗ?

ವಕೀಲರು ಮಂಡ್ಯ
@ಕಬ್ಬಿನ ಜಲ್ಲೆ ಅವರು ಅದನ್ನು ಕೇಳಿಲ್ಲ. ಆದರೂ ಬೇರೆಯವರಿಗೆ ಉಪಯೋಗ ಆಗಲಿ ಅಂತ ಹೇಳ್ತೀನಿ. ಅಪ್ರಾಪ್ತರ ಸ್ವಂತ ಆಸ್ತಿಯನ್ನು ತಂದೆ ತಾಯಿಯೇ ಮಾರಬೇಕಾದರೂ ಕೋರ್ಟ್ ಅನುಮತಿ ಬೇಕು. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ ಹಾಗೆ ಹೇಳುತ್ತದೆ. ಸುಮ್ಮನೆ ಸಾಕಿಕೊಂಡಿದ್ದೇನೆ ಅನ್ನುವ ಕಾರಣಕ್ಕೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಯಾರೂ ಮಾರುವ ಹಾಗಿಲ್ಲ. ಪೋಷಕರು ಮಾರಿದ್ದನ್ನು ರದ್ದು ಮಾಡಿಸಬೇಕೆಂದರೆ ಮಗುವಿಗೆ ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ದಾವೆ ಹಾಕಬೇಕು. ಅವಿಭಕ್ತ ಕುಟುಂಬದ ಪಾಲಿಗೆ ಲೆಕ್ಕ ಬೇರೆ. ಹದಿನೆಂಟರ ಹುಡುಗನಿಗೆ, ಅದೂ ಹೇಳೋರು ಕೇಳೋರು ಇಲ್ಲದವನಿಗೆ, ಇದೆಲ್ಲ ಯಾರು ಹೇಳಿಕೊಡ್ತಾರೆ? ಅವಧಿ ಹೀಗೇ ಕಳೆದುಹೋಗುತ್ತೆ.

ಅಗ್ರಹಾರದವರು
ನನ್ನದೊಂದು ವಿರೋಧ ಇದೆ. ಬೈಬೇಡಿ. ಕನ್ನಡದಲ್ಲಿ ಕಷ್ಟದ ಬಾಲ್ಯದ ಆತ್ಮಕತೆ ಕಡಿಮೆ ಇಲ್ಲ. ಭೈರಪ್ಪನವರ 'ಭಿತ್ತಿ' 1996ರಲ್ಲೇ ಬಂತು. ಪ್ಲೇಗಿಗೆ ತಾಯಿಯನ್ನು ಕಳಕೊಂಡ ಹುಡುಗ ಓದಿಗಾಗಿ ಮೈಸೂರಿಗೆ ಬಂದ ಕತೆ ಅದರಲ್ಲಿದೆ. ಅದನ್ನು ಓದಿದವರು ಇನ್ನೊಂದನ್ನು ಯಾಕೆ ಓದಬೇಕು? ಮನೆಯವರಿಗೆ ಅಂತ ಜೆರಾಕ್ಸ್ ಮಾಡಿ ಹಂಚಿದರೆ ಸಾಕಲ್ಲವಾ?

ಓದುಗ 57
ಭೈರಪ್ಪನವರ ತಂದೆ ಬದುಕಿದ್ದರು ಸ್ವಾಮಿ. ಅನಾಥ ಅಂತ ಹೇಗೆ ಹೇಳ್ತೀರಿ?

ಅಗ್ರಹಾರದವರು
ತಂದೆ ಇದ್ದೂ ಇಲ್ಲದ ಹಾಗಿದ್ದರೆ ಮಗುವಿಗೆ ಏನು ವ್ಯತ್ಯಾಸ?

ಬೆಳಕು
ತುಂಬಾ ವ್ಯತ್ಯಾಸ ಇದೆ. ನಾನು ತೊಂಬತ್ತರ ದಶಕದಲ್ಲಿ ಸರ್ಕಾರಿ ಬಾಲಮಂದಿರದಲ್ಲಿ ಬೆಳೆದವಳು. ಅಲ್ಲಿ ಪೂರ್ತಿ ಯಾರೂ ಇಲ್ಲದವರು ಕಮ್ಮಿ. ಅಮ್ಮ ಇದ್ದು, ಸಾಕೋಕೆ ಆಗದೆ ಬಿಟ್ಟು ಹೋದವರೇ ಜಾಸ್ತಿ. ಭಾನುವಾರ ಆ ಅಮ್ಮಂದಿರು ನೋಡಕ್ಕೆ ಬರೋರು. ಕಡ್ಲೆಪುರಿ ತರೋರು. ಅವರ ಮಕ್ಕಳು ಆಮೇಲೆ ನಮಗೆಲ್ಲ ಒಂದೊಂದು ಹಿಡಿ ಕೊಡೋರು. ನನಗೆ ಆ ಪುರಿ ಬೇಡವಾಗಿತ್ತು, ಆದರೂ ತಿಂತಿದ್ದೆ. ಶನಿವಾರ ರಾತ್ರಿ ಅವರು ತಲೆ ಬಾಚಿಕೊಂಡು ಮಲಗೋರು, ಬೆಳಿಗ್ಗೆ ಅಮ್ಮ ಬರ್ತಾಳೆ ಅಂತ. ನಮಗೆ ಬಾಚೋ ಕಾರಣ ಇರಲಿಲ್ಲ. ಎಷ್ಟೋ ಭಾನುವಾರ ಆ ಅಮ್ಮಂದಿರೂ ಬರ್ತಿರಲಿಲ್ಲ. ಆವಾಗ ಅವರ ಅಳು ನಮಗಿಂತ ಜೋರು. ಎರಡೂ ಕಷ್ಟವೇ, ಆದರೆ ಒಂದೇ ಕಷ್ಟ ಅಲ್ಲ. ಅದಕ್ಕೇ ಇನ್ನೊಂದು ಪುಸ್ತಕ ಬೇಕು ಸರ್. ಒಬ್ಬರು ಬರೆದರೆ ಎಲ್ಲರದ್ದೂ ಬರೆದ ಹಾಗೆ ಆಗಲ್ಲ.

ನಿವೃತ್ತ ಮೇಷ್ಟ್ರು
ತಾಯಿ @ಬೆಳಕು, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ನಾನು ಮೈಸೂರು, ಮಂಡ್ಯ ಎರಡೂ ಜಿಲ್ಲೆಯ ಶಾಲೆಗಳಲ್ಲಿ ಪಾಠ ಮಾಡಿದವನು. ಇಂಥ ನೆನಪಿನ ಬರಹಗಳ ಬೆಲೆ ಏನು ಅಂತ ಒಂದು ಉದಾಹರಣೆ ಹೇಳ್ತೀನಿ. ನಮ್ಮ ಹಳೇ ದಾಖಲಾತಿ ರಿಜಿಸ್ಟರ್ ತೆಗೆದು ನೋಡಿ. ಜೂನ್ ಒಂದನೇ ತಾರೀಖು ಹುಟ್ಟಿದವರು ಸಾಲಾಗಿ ಸಿಗ್ತಾರೆ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರು ಶಾಲೆ ಶುರುವಾಗುವ ತಾರೀಖನ್ನೇ ಬರೆದುಬಿಡ್ತಿದ್ದರು. ತಂದೆ ತಾಯಿ ಇದ್ದವರಿಗೆ ಮನೆಯಲ್ಲಾದರೂ "ಬರಗಾಲದ ವರ್ಷ, ಗೌರಿ ಹಬ್ಬ ಆದ ಮಾರನೇ ದಿನ" ಅಂತ ಹೇಳೋರು ಇರ್ತಾರೆ. ಇಬ್ಬರೂ ಇಲ್ಲದ ಮಗುವಿಗೆ ಆ ಜೂನ್ ಒಂದೇ ಗತಿ. ಸರ್ಕಾರಿ ಕಾಗದದಲ್ಲಿ ಇವರ ಬಾಲ್ಯ ಅಂದರೆ ಅಷ್ಟೇ, ಒಂದು ಸುಳ್ಳು ತಾರೀಖು, "ಪೋಷಕರು" ಅನ್ನುವ ಜಾಗದಲ್ಲಿ ದೊಡ್ಡಪ್ಪನ ಹೆಬ್ಬೆಟ್ಟು. ಮಿಕ್ಕಿದ್ದನ್ನು ಅವರೇ ಬರೆಯಬೇಕು.

ಮೈಸೂರಿನ ವಿಷಯಕ್ಕೆ ಬಂದರೆ, ತಾತಯ್ಯ ಅಂತ ಊರೆಲ್ಲ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಶುರು ಮಾಡಿದ್ದು ನಿಮಗೆಲ್ಲ ಗೊತ್ತಿರಬಹುದು. ಪ್ಲೇಗು ಬಂದು ಊರಿಗೆ ಊರೇ ಹೊರಗೆ ಗುಡಿಸಲು ಹಾಕಿಕೊಂಡ ಕಾಲದವರು ಅವರು. ಆಮೇಲೆ ಮಠಗಳ ಹಾಸ್ಟೆಲ್‌ಗಳು, ಒಂದೊಂದು ಸಮುದಾಯದ ಹಾಸ್ಟೆಲ್‌ಗಳು ಬಂದವು. ಸುತ್ತೂರು ಮಠದ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಎಷ್ಟೋ ಹಳ್ಳಿ ಹುಡುಗರು ಅಂಥ ಕಡೆ ಉಂಡು ಓದಿದರು. ಕಟ್ಟಿದವರ ಬಗ್ಗೆ ಅಭಿನಂದನ ಗ್ರಂಥಗಳಿವೆ. ಅಲ್ಲಿ ಉಂಡವರು ಬರೆದದ್ದು ಎಷ್ಟಿದೆ ಹೇಳಿ?

ಕುಕ್ಕರಹಳ್ಳಿ ವಾಕರ್
ವಾರಾನ್ನದ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮ ತಂದೆ ಹಾಗೇ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಯಾವುದಾದರೂ ಮನೆಯಲ್ಲಿ ಸೂತಕ ಬಂದರೆ, ಇಲ್ಲ ಅವರು ಊರಿಗೆ ಹೋದರೆ, ಆ ದಿನ ಊಟ ಇಲ್ಲ. ಬಾಗಿಲಿಗೆ ಬೀಗ ಕಂಡಾಗ ಮನೆಯವರ ಮೇಲೆ ಕೋಪ ಬರ್ತಿರಲಿಲ್ಲವಂತೆ, ವಾರದ ಮೇಲೆ ಬರ್ತಿತ್ತಂತೆ. ಸಾಯೋವರೆಗೂ ಅವರಿಗೆ ಗುರುವಾರ ಅಂದರೆ ಆಗ್ತಿರಲಿಲ್ಲ.

ಸರಸ್ವತಿಪುರಂ ಶಾಂತ
ವಾರಾನ್ನ ಸಿಗುತ್ತಿದ್ದದ್ದು ಜಾತಿ ನೋಡಿ ಅನ್ನುವುದನ್ನೂ ಸೇರಿಸಿ ಸರ್. ಎಲ್ಲಾ ಅನಾಥ ಮಕ್ಕಳಿಗೂ ಆ ಬಾಗಿಲು ತೆರೆದಿರಲಿಲ್ಲ.

ಕುಕ್ಕರಹಳ್ಳಿ ವಾಕರ್
ನಿಜ ಮೇಡಂ. ನಾನು ಅಲ್ಲಗಳೆಯಲ್ಲ.

ಕಬ್ಬಿನ ಜಲ್ಲೆ
@ಪಾಂಡವಪುರದ ಮಗಳು ಆಲೆಮನೆ ಬಗ್ಗೆ ಏನು ಬರೆದಿದ್ದಾರೆ? ನಮ್ಮದೂ ಆಲೆಮನೆ ಇತ್ತು, ಅದಕ್ಕೆ ಕೇಳಿದೆ.

ಪಾಂಡವಪುರದ ಮಗಳು
ಒಂದು ಪುಟ ಟೈಪ್ ಮಾಡ್ತೀನಿ.

"ನನ್ನ ಕೆಲಸ ಒಲೆಗೆ ಒಣ ಸಿಪ್ಪೆ ತುರುಕುವುದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ನೊರೆ ಏರುವಾಗ ಉರಿ ಕಮ್ಮಿ ಮಾಡು ಅಂತ ಕೂಗುತ್ತಿದ್ದರು. ಪಾಕ ಹದಕ್ಕೆ ಬರುವಾಗ ಮತ್ತೆ ಕೂಗು. ಒಂದು ಸಲ ಕೇಳಿಸದೆ ಪಾಕ ತಳ ಹಿಡಿಯಿತು, ಬೆಲ್ಲ ಕಪ್ಪಾಯಿತು. ಆ ದಿನ ಬಿದ್ದ ಏಟು ನೆನಪಿದೆ. ಆದರೆ ಚಳಿಗಾಲದಲ್ಲಿ ನಾನು ಮನೆಗೆ ಹೋಗಿ ಮಲಗುತ್ತಿರಲಿಲ್ಲ. ಒಲೆ ಬಾಯಿಯ ಪಕ್ಕ ಸಿಪ್ಪೆ ಹಾಸಿಕೊಂಡು ಮಲಗುತ್ತಿದ್ದೆ. ಅಷ್ಟು ಬೆಚ್ಚಗೆ ನಾನು ಮುಂದೆ ಹಾಸ್ಟೆಲಿನಲ್ಲೂ ಮಲಗಲಿಲ್ಲ. ಅಚ್ಚು ತೊಳೆದ ಬೆಲ್ಲದ ನೀರನ್ನು ಒಬ್ಬ ಮುದುಕ ದಿನಾ ನನಗೆ ಒಂದು ಲೋಟ ಎತ್ತಿಡುತ್ತಿದ್ದ. ಅವನ ಹೆಸರು ಮರೆತಿದ್ದೇನೆ. ಹೊಡೆದವರ ಹೆಸರು ಮರೆತಿಲ್ಲ."

ಕಬ್ಬಿನ ಜಲ್ಲೆ
ಅಕ್ಕ, ನಮ್ಮ ಆಲೆಮನೆಯಲ್ಲೂ ಇಂಥ ಹುಡುಗರು ಇದ್ದರು. ನಾನು ಮನೆ ಮಗ, ನನಗೆ ಬಿಸಿ ಬೆಲ್ಲ ಕೊಡೋರು. ಅವರಿಗೇನು ಕೊಡ್ತಿದ್ದರು ಅಂತ ನಾನು ಯಾವತ್ತೂ ನೋಡಿರಲಿಲ್ಲ. ಪುಸ್ತಕ ಬಂದರೆ ನನಗೆ ಹತ್ತು ಪ್ರತಿ ಬೇಕು. ಊರಲ್ಲಿ ಹಂಚ್ತೀನಿ.

ಹಳೇ ಮೈಸೂರು ಹುಡುಗ
ಇದು ಅರವತ್ತರ ದಶಕ ಅಲ್ವಾ? ಹಾಗಾದರೆ ಶಾಲೆಯಲ್ಲಿ ಕೇರ್ ಸಂಸ್ಥೆಯವರ ಉಪ್ಪಿಟ್ಟು ತಿಂದಿರಬೇಕು ನಿಮ್ಮ ತಂದೆ. ಆ ಹಳದಿ ಉಪ್ಪಿಟ್ಟಿನ ಬಗ್ಗೆ ಬರೆದಿದ್ದಾರಾ?

ಓದುಗ 57
ನಮ್ಮ ಶಾಲೆಯಲ್ಲಿ ಬೆಳ್ಳಗಿತ್ತು, ಗೋಧಿ ರವೆದು.

ಹಳೇ ಮೈಸೂರು ಹುಡುಗ
ಹಳದಿ ಕಣ್ರೀ. ಅಮೆರಿಕದಿಂದ ಬರ್ತಿದ್ದ ಮುಸುಕಿನ ಜೋಳದ ರವೆ. ಜೊತೆಗೆ ಹಾಲಿನ ಪುಡಿ. ಮನೆಯಿಂದ ತಟ್ಟೆ ತಗೊಂಡು ಹೋಗಬೇಕಿತ್ತು.

ನಿವೃತ್ತ ಮೇಷ್ಟ್ರು
ಎರಡೂ ಇತ್ತು. ಬಂದ ಮೂಟೆ ಯಾವುದೋ ಅದು. ಮನೆಯಲ್ಲಿ ಊಟ ಇದ್ದವರಿಗೆ ಅದು ತಿಂಡಿ, ಇಲ್ಲದವರಿಗೆ ಅದೇ ಊಟ. ರಜೆ ಬಂತು ಅಂದರೆ ಆ ಮಕ್ಕಳ ಮುಖ ಸಪ್ಪಗಾಗ್ತಿತ್ತು. ದಸರಾ ರಜೆ ಬೇಡ ಅಂತ ಅತ್ತ ಹುಡುಗನನ್ನು ಕಂಡಿದ್ದೇನೆ.

ಪಾಂಡವಪುರದ ಮಗಳು
ಅಪ್ಪನ ಪ್ರಕಾರ ಹಳದಿ. ಕೈಗೆ ಅಂಟಿದ್ದನ್ನು ಕೂಡ ಬರೆದಿದ್ದಾರೆ.

ಗಂಗೋತ್ರಿ ಹಳೆಬ
ಒಂದು ಮಾತು ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಈ ತಲೆಮಾರು ಕಷ್ಟ ಪಟ್ಟಿದ್ದಕ್ಕೇ ಗಟ್ಟಿ ಆದರು. ಈಗಿನ ಮಕ್ಕಳಿಗೆ ಎಲ್ಲ ಕೈಗೆ ಸಿಗ್ತಿದೆ, ಛಲ ಇಲ್ಲ. ಪುಸ್ತಕದ ಕೊನೆಗೆ ಮಕ್ಕಳಿಗೆ ಸ್ಫೂರ್ತಿ ಸಿಗುವ ಹಾಗೆ ಒಂದು ಅಧ್ಯಾಯ ಸೇರಿಸಿ. ಶಾಲೆಗಳಲ್ಲಿ ಹಂಚಬಹುದು.

ಬೆಳಕು
ಬೇಡ. ದಯವಿಟ್ಟು ಬೇಡ.

ನಮ್ಮನ್ನು ಚಿಕ್ಕಂದಿನಿಂದ ವೇದಿಕೆ ಹತ್ತಿಸಿ "ಇವಳಿಗೆ ಯಾರೂ ಇಲ್ಲ, ಆದರೂ ಓದ್ತಾಳೆ" ಅಂತ ಮೈಕಲ್ಲಿ ಹೇಳೋರು. ಚಪ್ಪಾಳೆ ಬೀಳೋದು. ನನ್ನ ಜೊತೆ ಮಲಗ್ತಿದ್ದ ಹುಡುಗಿ ಹತ್ತನೇ ಕ್ಲಾಸ್ ಫೇಲಾದಳು, ಅವಳನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಹದಿನೆಂಟು ತುಂಬಿದ ದಿನ ಒಂದು ಟ್ರಂಕ್ ಹಿಡಕೊಂಡು ಗೇಟಿನ ಆಚೆ ಹೋದಳು. ಅವಳಿಗೂ ನನ್ನಷ್ಟೇ ಕಷ್ಟ ಇತ್ತು. ಕಷ್ಟದಿಂದ ಗಟ್ಟಿ ಆಗೋದಾಗಿದ್ದರೆ ಅವಳೂ ಆಗಬೇಕಿತ್ತಲ್ಲ? ನನ್ನನ್ನು ಉಳಿಸಿದ್ದು ಕಷ್ಟ ಅಲ್ಲ. ಒಬ್ಬ ಟೀಚರ್ ಫೀಸ್ ಕಟ್ಟಿದರು, ಪಿಯುಸಿ ಮುಗಿಯೋವರೆಗೆ ತಮ್ಮ ಮನೆ ಹಿಂದಿನ ರೂಮ್ ಕೊಟ್ಟರು. ಅಷ್ಟೇ.

ಈಗ ಬಾಲ ನ್ಯಾಯ ಕಾಯ್ದೆಯಲ್ಲಿ ಹದಿನೆಂಟು ಆದ ಮೇಲೂ 21ರವರೆಗೆ ನೆರವು ಕೊಡುವ ವ್ಯವಸ್ಥೆ ಇದೆ. ಎಷ್ಟು ಮಕ್ಕಳಿಗೆ ಅದು ಗೊತ್ತು? @ಪಾಂಡವಪುರದ ಮಗಳು, ನಿಮ್ಮ ತಂದೆ ಯಾರಿಂದ ಉಳಿದರು ಅಂತ ಬರೆದಿದ್ದರೆ ಅದನ್ನು ಇಡಿ. ಹೇಗೆ ಗೆದ್ದರು ಅನ್ನೋದನ್ನು ಜನ ಅವರೇ ಊಹಿಸ್ಕೋತಾರೆ.

ಗಂಗೋತ್ರಿ ಹಳೆಬ
ನಾನು ಯಾರನ್ನೂ ನೋಯಿಸಲು ಹೇಳಲಿಲ್ಲ. ಒಳ್ಳೇ ಉದ್ದೇಶದಿಂದ ಹೇಳಿದ್ದು.

ಸರಸ್ವತಿಪುರಂ ಶಾಂತ
ಉದ್ದೇಶ ಒಳ್ಳೇದೇ ಸರ್. ಆದರೆ ಈ "ಛಲ"ದ ಮಾತಿನಲ್ಲಿ ಸೋತವರ ಮೇಲೆ ತಪ್ಪು ಬೀಳುತ್ತೆ. ಗೋರ್ಕಿ ತನ್ನ ಬಾಲ್ಯದ ಬಗ್ಗೆ ಬರೆದದ್ದನ್ನು ಕನ್ನಡದಲ್ಲೇ ಓದಿದ್ದೇನೆ. ಚಿಕ್ಕಂದಿನಲ್ಲೇ ತಂದೆ ಹೋದರು, ಆಮೇಲೆ ತಾಯಿಯೂ ಹೋದರು. ಹೊಡೆಯುವ ತಾತ, ಕತೆ ಹೇಳುವ ಅಜ್ಜಿ. ಆ ಪುಸ್ತಕ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅಜ್ಜಿಯಿಂದ. ಅವನು ದೊಡ್ಡ ಲೇಖಕ ಆದ ಅನ್ನುವುದರಿಂದಲ್ಲ.

ಮದ್ದೂರು ಪ್ಯಾಸೆಂಜರ್
ಕೋವಿಡ್ ಆದ ಮೇಲೆ ನಮ್ಮ ಬೀದಿಯಲ್ಲೇ ಎರಡು ಮಕ್ಕಳು ಅನಾಥರಾದರು. 2021ರಲ್ಲಿ ರಾಜ್ಯ ಸರ್ಕಾರ ಬಾಲ ಸೇವಾ ಯೋಜನೆ ಅಂತ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಕೇಂದ್ರದಿಂದ 23 ವರ್ಷ ಆದಾಗ 10 ಲಕ್ಷ. ದುಡ್ಡಿನ ಸುದ್ದಿ ಗೊತ್ತಾದ ಮೇಲೆ ಅಲ್ಲಿವರೆಗೆ ಕಾಣದ ನೆಂಟರೆಲ್ಲ ಕಂಡರು. ಗದ್ದೆ ಅಧ್ಯಾಯದ ಬೆಲೆ ನನಗೆ ಅದಕ್ಕೇ ಗೊತ್ತು. ಅದನ್ನು ತೆಗೀಬೇಡಿ ಮೇಡಂ.

ಅಗ್ರಹಾರದವರು
ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಸಂಬಂಧ ಕೆಟ್ಟರೆ? 74ರ ವಯಸ್ಸಿನಲ್ಲಿ ಅವರಿಗೆ ದೊಡ್ಡಪ್ಪನ ಮನೆಯವರು ಬೇಕಾ, ಪುಸ್ತಕ ಬೇಕಾ?

ಓದುಗ 57
ಅದನ್ನು ಅವರೇ ಹೇಳಿದ್ದಾರಲ್ಲ ಸ್ವಾಮಿ, ಒಂದಕ್ಷರ ತೆಗೆಯಲ್ಲ ಅಂತ.

ಪಾಂಡವಪುರದ ಮಗಳು
ನಿಮ್ಮ ಉತ್ತರಗಳನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ ಅವರೇ ನೋಟ್‌ಬುಕ್ ತೆಗೆದು, ದೊಡ್ಡಪ್ಪ ಅವರನ್ನು ಮೈಸೂರಿಗೆ ಬಿಡಲು ಬಂದ ದಿನದ ಪುಟ ತೋರಿಸಿದರು. ನಾನು ಅದನ್ನು ಬೇಗ ಬೇಗ ಓದಿ ಬಿಟ್ಟಿದ್ದೆ.

ರೈಲಿನಲ್ಲಿ ಬಂದಿದ್ದಾರೆ. ಸ್ಟೇಷನ್ನಿನಿಂದ ನಡೆದೇ ಹಾಸ್ಟೆಲ್ಲಿಗೆ. ದಾರಿಯಲ್ಲಿ ಹೋಟೆಲ್ಲಿಗೆ ಕರಕೊಂಡು ಹೋಗಿ ಅಪ್ಪನಿಗೆ ಇಡ್ಲಿ ಕೊಡಿಸಿ, ದೊಡ್ಡಪ್ಪ ಎದುರಿಗೆ ಕೂತು ನೀರು ಕುಡಿದಿದ್ದಾರೆ. ಹಾಸ್ಟೆಲ್ಲಿನಲ್ಲಿ "ಇವನು ನಿಮಗೆ ಏನಾಗಬೇಕು" ಅಂತ ಕೇಳಿದಾಗ "ಮಗ" ಅಂದಿದ್ದಾರೆ. ಮಗ ಅಂದರೆ ಸೇರಿಸಿಕೊಳ್ಳಲ್ಲ, ಅದು ತಂದೆ ತಾಯಿ ಇಲ್ಲದವರಿಗೆ ಅಂತ ಅವರು ಹೇಳಿದ ಮೇಲೆ, ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತು "ತಮ್ಮನ ಮಗ" ಅಂತ ಬರೆಸಿ ಹೆಬ್ಬೆಟ್ಟು ಒತ್ತಿದ್ದಾರೆ. "ಅವರು ಮೊದಲು ಹೇಳಿದ್ದು ಬಾಯಿ ತಪ್ಪಿಯೋ, ಮನಸ್ಸಿನಿಂದಲೋ ನನಗೆ ಇವತ್ತಿಗೂ ತಿಳಿಯದು. ಗದ್ದೆ ಅವರ ಹೆಸರಿಗೆ ಆದದ್ದು ಅದೇ ವರ್ಷ" ಅಂತ ಅಪ್ಪ ಬರೆದಿದ್ದಾರೆ.

ನನಗೆ ಅಪ್ಪ ಹೇಳಿದ್ದು ಇಷ್ಟು: "ಗದ್ದೆ ಪುಟ ತೆಗೆಯೋದಾದರೆ ಈ ಪುಟಾನೂ ತೆಗೀಬೇಕು. ಎರಡೂ ಒಟ್ಟಿಗೆ ಇದ್ದರೇ ದೊಡ್ಡಪ್ಪ. ಅವರ ಮೊಮ್ಮಕ್ಕಳಿಗೆ ಬರೋಕೆ ಹೇಳು, ನಾನೇ ಓದಿ ಹೇಳ್ತೀನಿ."

ವಕೀಲರು ಮಂಡ್ಯ
ಇದಕ್ಕಿಂತ ಒಳ್ಳೇ ಸಲಹೆ ನನ್ನ ಹತ್ತಿರ ಇಲ್ಲ. ಅಚ್ಚಿಗೆ ಮೊದಲೇ ಅವರಿಗೆ ಓದಿ ಹೇಳಲಿ.

ಬೆಳಕು
ನಿಮ್ಮ ತಂದೆಗೆ ನನ್ನ ನಮಸ್ಕಾರ ಹೇಳಿ. ಒಂದೇ ಕೋರಿಕೆ. ಹಾಸ್ಟೆಲ್ಲಿನ ಜೊತೆಗಾರರ ಹೆಸರು ಬಂದಿದ್ದರೆ ಅವನ್ನು ಬದಲಾಯಿಸಿ. ತಾವು ಎಲ್ಲಿ ಬೆಳೆದದ್ದು ಅಂತ ಹೆಂಡತಿ ಮಕ್ಕಳಿಗೂ ಹೇಳದೆ ಬದುಕಿದವರು ತುಂಬಾ ಜನ ಇದ್ದಾರೆ. ಅವರ ಗುಟ್ಟು ಅವರದ್ದು.

ಪಾಂಡವಪುರದ ಮಗಳು
ಇದು ನನಗೆ ಹೊಳೆದೇ ಇರಲಿಲ್ಲ ಅಕ್ಕ. ಖಂಡಿತ ಬದಲಾಯಿಸ್ತೀವಿ, ಅಪ್ಪನೂ ಒಪ್ಪಿದರು.

ಭಾನುವಾರ ದೊಡ್ಡಪ್ಪನ ದೊಡ್ಡ ಮೊಮ್ಮಗ ಬರ್ತೀನಿ ಅಂದಿದ್ದಾನೆ. ಅವನ ತಮ್ಮ ಬರಲ್ಲವಂತೆ, ಇನ್ನೂ ಕೋಪದಲ್ಲಿದ್ದಾನೆ.

ನಿವೃತ್ತ ಮೇಷ್ಟ್ರು
ಬರುವವರು ಬರಲಿ. ಅಚ್ಚಿನ ವಿಷಯಕ್ಕೆ: ಪುಸ್ತಕದ ಗುರುತಿಗೆ ಹಾಕುವ ಐಎಸ್‌ಬಿಎನ್ ನಂಬರ್ ನಮ್ಮ ದೇಶದಲ್ಲಿ ಉಚಿತವಾಗಿ ಕೊಡ್ತಾರೆ, ಅದಕ್ಕೆ ದುಡ್ಡು ಕೇಳೋರ ಮಾತು ಕೇಳಬೇಡಿ. ಟೈಪ್ ಮಾಡಿಸುವಾಗ ಯೂನಿಕೋಡ್‌ನಲ್ಲೇ ಮಾಡಿಸಿ. ಹಳೇ ನುಡಿ ಫಾಂಟಿನಲ್ಲಿ ಮಾಡಿ ಆಮೇಲೆ ಬದಲಾಯಿಸಿದರೆ ಅರ್ಕಾವತ್ತು, ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗುತ್ತೆ. ಕರಡು ತಿದ್ದಲು ನಾನಿದ್ದೇನೆ, ಏನೂ ಕೊಡಬೇಕಾಗಿಲ್ಲ. ಆದರೆ ನಿಮ್ಮ ತಂದೆಯ ಮಂಡ್ಯದ ಮಾತನ್ನು ನಾನು ಗ್ರಂಥ ಭಾಷೆಗೆ ತಿದ್ದೋದಿಲ್ಲ, ಅದು ಮೊದಲೇ ಹೇಳಿಬಿಡ್ತೀನಿ.

ಹಳೇ ಮೈಸೂರು ಹುಡುಗ
ಅವರ ಧ್ವನಿಯಲ್ಲೂ ರೆಕಾರ್ಡ್ ಮಾಡಿಸಿ ಅಕ್ಕ, ಫೋನ್‌ನಲ್ಲಾದರೂ ಸರಿ. ಭಾನುವಾರ ಓದ್ತಾರಲ್ಲ, ಅವತ್ತೇ ಮಾಡಿ.

ಕಬ್ಬಿನ ಜಲ್ಲೆ
ನನ್ನ ಹತ್ತು ಪ್ರತಿ ಮರೀಬೇಡಿ. ದುಡ್ಡು ಮುಂಚೆನೇ ಕಳಿಸ್ತೀನಿ.